ಹೆಣ್ಮಕ್ಕಳ ಅನುಭವದ ಮ್ಯಾಗ ಗ್ರೂಪ್ ಶೋ ಅದ, ಚಿತ್ರ ಕಳಸೋದು ಹೆಂಗ? ನಮ್ ಕಲಬುರಗಿ ಕಡಿ ಮಂದಿಗೆ ಒಂದಿಷ್ಟು ಮಾತು

ಫೆಬ್ರವರಿ ಬಂತಂದ್ರ ವಾಟ್ಸಾಪಿನಾಗ ಪೋಸ್ಟರ್ ಹರದಾಡ್ಲಾಕ ಶುರು ಆಗ್ತಾವ. ಮಾರ್ಚ್ 8ರ ಮಹಿಳಾ ದಿನಾಚರಣಿ ಸಲುವಾಗಿ ಗ್ರೂಪ್ ಎಕ್ಸಿಬಿಷನ್, ವಿಷಯ ‘ಮಹಿಳೆಯ ಅನುಭವ’, ಇಂಥ ತಾರೀಖಿನೊಳಗ ಎಂಟ್ರಿ ಕಳಸ್ರಿ, ಕೆಳಗೊಂದು ಫೋನ್ ನಂಬರ್. ಅದನ್ನ ನೋಡಿ ಭಾಳ ಮಂದಿ ಕೇಳೋದು ಒಂದೇ ಮಾತು, ‘ಅಕ್ಕಾ, ನಾ ಆರ್ಟ್ ಕಾಲೇಜಿಗೆ ಹೋದಾಕಿ ಅಲ್ಲ, ನಾನೂ ಕಳಸಬಹುದೇನು?’ ಕಳಸ್ರಿ. ಡಿಗ್ರಿ ಬೇಕಂದ್ರ ಪೋಸ್ಟರಿನಾಗೇ ಬರದಿರ್ತಾರ, ಬರದಿಲ್ಲಂದ್ರ ಯಾರೂ ಕೇಳಂಗಿಲ್ಲ. ಇಂಥ ಶೋಗಳಿಗೆ ಪೇಂಟಿಂಗೇ ಆಗಬೇಕಂತನೂ ಇಲ್ಲ, ಕೌದಿ ಹೊಲಿಯಾಕಿ, ಲಂಬಾಣಿ ಕಸೂತಿ ಹಾಕಾಕಿ, ಮೊಬೈಲಿನಾಗ ಫೋಟೋ ತಗಿಯಾಕಿ ಎಲ್ಲಾರಿಗೂ ಜಾಗ ಇರ್ತದ, ‘ಯಾವ ಮಾಧ್ಯಮ ತಗೋತೀರಿ’ ಅಂತ ಒಂದ್ ಫೋನ್ ಮಾಡಿ ಕೇಳಿದ್ರ ಆತು.

ಪೋಸ್ಟರ್ ಎಲ್ಲಿ ಸಿಗ್ತಾವ ಅಂದ್ರ, ನಮ್ಮ ಊರಾಗ ಕಲೆಗೆ ಸಂಬಂಧಪಟ್ಟ ಮಂದಿ ಓಡಾಡೋ ಜಾಗ ಕೆಲವೇ ಅದಾವ. ಐಡಿಯಲ್ ಫೈನ್ ಆರ್ಟ್ ಸಂಸ್ಥೆ, ಎಂಎಂಕೆ ವಿಷುವಲ್ ಆರ್ಟ್ ಕಾಲೇಜು, ಯುನಿವರ್ಸಿಟಿಯ ಚಿತ್ರಕಲಾ ಡಿಪಾರ್ಟ್‌ಮೆಂಟು, ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಆಫೀಸು. ಇಲ್ಲಿ ನೋಟಿಸ್ ಬೋರ್ಡ್ ನೋಡಕೋತ ಇರ್ರಿ, ಅಲ್ಲಿ ಓದೋ ಒಂದಿಬ್ಬರು ಹುಡುಗ್ಯಾರ ನಂಬರ್ ಇಟಗೊಳ್ರಿ, ಬೋರ್ಡಿಗೆ ಹಚ್ಚೋಕಿಂತ ಮೊದಲೇ ಅವರ ಗ್ರೂಪಿನಾಗ ಸುದ್ದಿ ಬಂದಿರ್ತದ. ಬೆಂಗಳೂರಾಗಿನ ಕರ್ನಾಟಕ ಲಲಿತಕಲಾ ಅಕಾಡೆಮಿ ಪ್ರಕಟಣೆನೂ ಆಗಾಗ ನೋಡ್ರಿ. ಬೀದರ್, ಯಾದಗಿರಿಯವರಿಗೆ ಇದು ಇನ್ನಾ ಬೇಕಾಗ್ತದ, ಯಾಕಂದ್ರ ಹೆಚ್ಚಿನವು ಕಲಬುರಗಿಯಾಗೇ ಆಗ್ತಾವ.

ಪೋಸ್ಟರ್ ಸಿಕ್ಕ ಕೂಡಲೆ ಬಣ್ಣ ತಗೀಬ್ಯಾಡ್ರಿ. ಮೊದಲ ಕೇಳಬೇಕಾದ್ದು ಅದಾವ: ಎಂಟ್ರಿ ಫೀ ಎಷ್ಟು, ಆಯ್ಕಿ ಆಗದಿದ್ರ ವಾಪಸ್ ಕೊಡ್ತಾರೇನು, ಸೈಜ್ ಎಷ್ಟರ ತನಕ, ಒಬ್ಬರಿಗೆ ಎಷ್ಟು ಚಿತ್ರ, ಮಾರಾಟಕ್ಕ ಇಡತಾರೇನು, ಇಟ್ರ ಕಮಿಷನ್ ಎಷ್ಟು, ಚಿತ್ರ ಹಾಳಾದ್ರ ಜವಾಬ್ದಾರಿ ಯಾರದು. ಇವಕ್ಕೆಲ್ಲಾ ಉತ್ರ ವಾಟ್ಸಾಪಿನಾಗ ಬರಹದಾಗೇ ತಗೋರಿ, ಬಾಯಿ ಮಾತು ಆಮ್ಯಾಗ ಯಾರಿಗೂ ನೆನಪ ಇರಂಗಿಲ್ಲ. ‘ಪಾರ್ಟಿಸಿಪೇಶನ್ ಫೀ 3000, ಎಲ್ಲಾರಿಗೂ ಅವಾರ್ಡ್, ಎಲ್ಲಾರಿಗೂ ಶೀಲ್ಡ್’ ಅಂತ ಇದ್ರ ನಾ ಆದ್ರ ಕಳಸಂಗಿಲ್ಲ. ಎಲ್ಲಾರಿಗೂ ಕೊಡೋ ಶೀಲ್ಡಿನ ರೊಕ್ಕ ನಿಮ್ಮ ಫೀ ಒಳಗಿಂದೇ ಬಂದಿರ್ತದ.

ಏನು ಮಾಡೋದು ಅನ್ನೋದೇ ದೊಡ್ಡ ಮಾತು

ಇಲ್ಲಿ ಜರಾ ನಿಂದಿರೋಣ, ಯಾಕಂದ್ರ ಮುಕ್ಕಾಲು ಪಾಲು ಎಂಟ್ರಿ ಸೋಲೋದು ಇಲ್ಲೇ. ‘ಮಹಿಳೆಯ ಅನುಭವ’ ಅಂದ ಕೂಡಲೆ ಎಲ್ಲಾರ ಕೈಯಾಗ ಅವೇ ಬರ್ತಾವ: ಪಂಜರದಾಗಿನ ಹಕ್ಕಿ, ಅರ್ಧ ಮುಖ ನಗು ಅರ್ಧ ಮುಖ ಕಣ್ಣೀರು, ಹತ್ತು ಕೈಯಾಗ ಲಟ್ಟಣಿಗಿ ಲ್ಯಾಪ್‌ಟಾಪು ಕೂಸು ಹಿಡದ ದುರ್ಗಿ, ಕೂದಲು ಇಳಿಬಿಟ್ಟ ಅಕ್ಕಮಹಾದೇವಿ. ಬಸವಕಲ್ಯಾಣ ನಮ್ಮ ಬೀದರ್ ಜಿಲ್ಲೆದಾಗೇ ಇರೋದ್ರಿಂದ ಅಕ್ಕನ ಮ್ಯಾಗ ನಮಗ ಪ್ರೀತಿ ಜಾಸ್ತಿ, ಅದು ಖರೇ, ಆದ್ರ ಒಂದೇ ಗೋಡಿ ಮ್ಯಾಗ ಐದು ಅಕ್ಕಂದಿರು ಸಾಲಾಗಿ ನಿಂತ್ರ ನೋಡಾಕಿಗೆ ಐದನೇದು ಕಾಣಸಂಗಿಲ್ಲ. ಆಯ್ಕಿ ಮಾಡೋರೂ ಮನಷ್ಯಾರೇ, ಹಕ್ಕಿ ನೋಡಿ ನೋಡಿ ಸಾಕಾಗಿರ್ತದ ಅವರಿಗೆ.

ನಾ ಹೇಳೋದು ಇಷ್ಟೇ, ‘ಹೆಣ್ಣು’ ಅಂತ ಮಾಡಬ್ಯಾಡ್ರಿ, ಒಬ್ಬ ಹೆಣ್ಮಗಳು ಅಂತ ಮಾಡ್ರಿ, ಅದರಾಗೂ ಆಕಿ ಇಡೀ ಜೀವನ ಬ್ಯಾಡ, ಒಂದು ಹೊತ್ತು, ಒಂದು ಸಾಮಾನು, ಒಂದು ಕೆಲಸ. ಯಾದಗಿರಿ ಕಡಿ ಒಬ್ಬ ಹುಡುಗಿಗೆ ಗುಳೆ ಬಗ್ಗೆ ಮಾಡಬೇಕಂತ ಇತ್ತು. ಮೊದಲ ಸ್ಕೆಚ್ಚಿನಾಗ ತಲಿ ಮ್ಯಾಗ ಗಂಟು ಹೊತ್ತ ಹೆಣ್ಮಗಳು, ಹಿಂದ ಬಿರುಕು ಬಿಟ್ಟ ಹೊಲ, ದೂರ ಬೆಂಗಳೂರಿನ ಬಿಲ್ಡಿಂಗು, ಅಂದ್ರ ಪೇಪರಿನಾಗ ನೋಡಿದ್ದೇ ಇಳಿಸಿದ್ಲು. ನಿಮ್ಮ ತಾಂಡಾದಾಗ ಗುಳೆ ಹೋದ ಮ್ಯಾಗ ಏನಾಗ್ತದ ಹೇಳು ಅಂತ ಕೇಳ್ದೆ. ‘ಏನಿಲ್ಲ ಅಕ್ಕಾ, ಎಲ್ಲಾರೂ ಕೀಲಿ ಹಾಕಿ ಕೀಲಿಕೈ ನಮ್ಮ ಮುದುಕಿ ಕಡಿ ಕೊಟ್ಟು ಹೋಗ್ತಾರ, ಆಕಿ ಸೆರಗಿನ ತುದಿಗೆ ಗಂಟ ಹಾಕೋತಾಳ, ಯಾವ ಕೀಲಿ ಯಾರ ಮನಿದು ಅಂತ ಗೊತ್ತಾಗ್ಲಿ ಅಂತ ಒಂದೊಂದಕ್ಕ ಒಂದೊಂದು ಬಣ್ಣದ ದಾರ ಕಟ್ಟಿರ್ತಾಳ’ ಅಂದ್ಲು. ಚಿತ್ರ ಅಲ್ಲೇ ಸಿಕ್ತಲ್ರಿ! ಆ ಸೆರಗಿನ ತುದಿ ಅಷ್ಟೇ ಮಾಡಿದ್ಲು, ಮುಖನೇ ಇಲ್ಲ, ಖರೇ ಸೀರಿ ಅರಿವಿ ಕ್ಯಾನ್ವಾಸಿಗೆ ಹಚ್ಚಿ, ಜಂಗ್ ಹಿಡದ ಕೀಲಿ, ಕೆಂಪು ಹಳದಿ ಹಸರ ದಾರ. ಶೋದಾಗ ಮಂದಿ ಅದರ ಮುಂದ ನಿಂತು ಕೀಲಿ ಎಣಸತಿದ್ರು.

ನಿಮ್ಮ ಕಡಿನೂ ಇಂಥದು ಇದ್ದೇ ಇರ್ತದ. ತೊಗರಿ ರಾಶಿ ಟೈಮಿನಾಗ ಕೂಸಿನ ಜೋಳಗಿ ಕಟ್ಟಿದ ಬೇವಿನ ಗಿಡ, ಕುಬಸದ ದಿನ ಉಡಿ ತುಂಬೋರ ಸಾಲಿನಿಂದ ದೂರ ಕುಂತ ಅತ್ತಿ, ಎಳ್ಳಮಾಸಿ ದಿನ ಹೊಲಕ್ಕ ಒಯ್ಯೋ ಬುಟ್ಟಿ ತುಂಬಸಲಾಕ ರಾತ್ರಿ 2 ಗಂಟೆಕ್ಕ ಹತ್ತಿದ ಒಲಿ, ಕತ್ತಲಾಗ ಚಂಬು ತಗೊಂಡು ಹೋಗೋವಾಗ ಹಚ್ಚಿದ ಮೊಬೈಲ್ ಬ್ಯಾಟರಿ. ಇದು ಹೊಸ ವಿಚಾರನೂ ಅಲ್ಲ. 1972ರಾಗ ಅಮೆರಿಕಾದ ಲಾಸ್ ಏಂಜಲೀಸಿನಾಗ ಜೂಡಿ ಚಿಕಾಗೋ, ಮಿರಿಯಂ ಶಪಿರೋ ಅನ್ನೋ ಇಬ್ಬರು ಕಲಾವಿದೆಯರು ತಮ್ಮ ವಿದ್ಯಾರ್ಥಿನಿಯರನ್ನ ಕಟಗೊಂಡು ಒಂದು ಖಾಲಿ ಬಿದ್ದ ಮನಿ ತಗೊಂಡು, ಅದರ ಅಡಗಿಮನಿ, ಬಚ್ಚಲ, ಕಪಾಟು ಎಲ್ಲಾ ಕಲಾಕೃತಿ ಮಾಡಿಬಿಟ್ಟಿದ್ರು. ನಮ್ಮ ದೇಶದಾಗ 1987ರಿಂದ 89ರ ನಡುವ ಅರ್ಪಿತಾ ಸಿಂಗ್, ನಳಿನಿ ಮಲಾನಿ, ಮಾಧವಿ ಪಾರೇಖ್, ನೀಲಿಮಾ ಶೇಖ್ ಈ ನಾಕು ಮಂದಿ ಕಲಾವಿದೆಯರು ಕೂಡಿ ತಮ್ಮ ಪ್ರದರ್ಶನನ ಊರಿಂದ ಊರಿಗೆ ಒಯ್ದ್ರು. ನಾಕು ಮಂದಿದೂ ನಾಕು ಥರದ ಕೈ, ಗ್ರೂಪ್ ಶೋ ಅಂದ್ರ ಎಲ್ಲಾರೂ ಒಂದೇ ಹಕ್ಕಿ ಬರಿಯೋದಲ್ಲ ಅಂತ ತೋರಿಸಿದ ಹಂಗಾತು.

ನಮ್ಮ ಎಸ್.ಎಂ. ಪಂಡಿತರು, 1916ರಾಗ ಇದೇ ಊರಾಗ ಹುಟ್ಟಿದವ್ರು, ಕ್ಯಾಲೆಂಡರಿಗೆ ಸಿನಿಮಾ ಪೋಸ್ಟರಿಗೆ ಬರದ ಹೆಣ್ಣಿನ ರೂಪ ದೇಶದ ಮನಿಮನ್ಯಾಗ ತೂಗಾಡಿದ್ವು. ಆ ಕೈಚಳಕಕ್ಕ ಕೈ ಮುಗೀರಿ, ಕಲೀರಿ. ಆದ್ರ ಅದು ಹೊರಗ ನಿಂತು ನೋಡಿದ ಚಂದ, ಈ ಶೋದಾಗ ಕೇಳೋದು ಒಳಗ ಇದ್ದಾಕಿಗೆ ಹೆಂಗ ಕಾಣ್ತದ ಅಂತ. ಚಂದ ಬರಬೇಕಂತೇನಿಲ್ಲ.

ಮತ್ತೊಬ್ಬರ ಕತಿ ಇದ್ರ ಅವರಿಗೆ ಕೇಳಿ. ಇದನ್ನ ಹಗುರ ತಗೋಬ್ಯಾಡ್ರಿ. ಬಾಜೂ ಮನಿ ಹೆಣ್ಮಗಳ ಗಂಡ ಹೊಡೀತಾನ ಅಂತ ಆಕಿ ಮುಖ ಹಂಗೇ ಬರದು ಗೋಡಿಗೆ ಹಾಕಿದ್ರ, ಶೋ ಮುಗದ ಮ್ಯಾಗ ಅದೇ ಮನ್ಯಾಗ ಬಾಳೇವು ಮಾಡಾಕಿ ಆಕಿ, ನೀವಲ್ಲ. ಮೊದಲು ಸ್ಕೆಚ್ ತೋರಸ್ರಿ, ಮುಖ ಬ್ಯಾಡ ಅಂದ್ರ ಮುಖ ತಗೀರಿ, ಊರಿನ ಹೆಸರು ಬ್ಯಾಡ ಅಂದ್ರ ಅದನ್ನೂ. ಆಕಿ ಹೂಂ ಅಂದು ಆಮ್ಯಾಗ ಬ್ಯಾಡ ಅಂದ್ರೂ ಚಿತ್ರ ವಾಪಸ್ ತಗೀಬೇಕು. ಅತ್ಯಾಚಾರದ ಕೇಸ್ ಇದ್ರ ಅಂತೂ ಕಾನೂನೇ ಅದ: ಸಂತ್ರಸ್ತೆ ಯಾರಂತ ಗುರ್ತು ಸಿಗೋ ಹಂಗ ಪ್ರಕಟ ಮಾಡಿದ್ರ ಭಾರತೀಯ ನ್ಯಾಯ ಸಂಹಿತೆ 72ನೇ ಸೆಕ್ಷನ್ ಪ್ರಕಾರ ಅಪರಾಧ, ಮೊದಲ ಐಪಿಸಿ 228ಎ ಅಂತಿದ್ರಲ್ಲ ಅದು. ಮಕ್ಕಳ ವಿಷಯಕ್ಕ ಪೋಕ್ಸೋ (ಮಕ್ಕಳ ಮ್ಯಾಗಿನ ಲೈಂಗಿಕ ಅಪರಾಧದ ಕಾಯ್ದೆ) 23ನೇ ಸೆಕ್ಷನ್. ಬರೇ ಹೆಸರು ಬದಲಿಸಿದ್ರ ಸಾಲಂಗಿಲ್ಲ, ಊರು, ಶಾಲಿ, ಮನಿ ಬಾಗಲ ನೋಡಿ ಗೊತ್ತಾಗೋ ಹಂಗಿದ್ರೂ ತೊಂದ್ರಿನೇ.

ಇನ್ನ ನಿಮ್ಮದೇ ಕತಿ ಇದ್ರ, ಮನ್ಯಾಗ ಮೊದಲೇ ಹೇಳಬೇಕೋ ಬ್ಯಾಡೋ ಅಂತ ಕೇಳ್ತಾರ. ಅದು ನಿಮಗೇ ಗೊತ್ತು. ಆದ್ರ ಒಂದು ತಲ್ಯಾಗ ಇರ್ಲಿ, ಉದ್ಘಾಟನೆ ಫೋಟೋ ಮರುದಿನ ಪೇಪರಿನಾಗ ಬರ್ತದ, ಮಾಮಾ ಕಾಕಾ ಎಲ್ಲಾರ ಫೋನಿಗೂ ಹೋಗ್ತದ, ಅವಾಗ ಗೊತ್ತಾಗೋದಕ್ಕಿಂತ ನೀವೇ ಒಂದ್ ಮಾತು ಹಾಕಿಟ್ಟಿದ್ರ ಬರೋ ದಿನ ಹಗುರ. ಹೆಸರು ಬ್ಯಾಡ ಅನಿಸಿದ್ರ ಬ್ಯಾರೆ ಹೆಸರಿಲೆ ಹಾಕಬಹುದು, ಆಯೋಜಕರಿಗೆ ಅಷ್ಟೇ ಖರೇ ಹೆಸರು ಗೊತ್ತಿದ್ರ ಸಾಕು.

ನಾಕು ಸಾಲಿನ ಬರಹ

ಎಂಟ್ರಿ ಜೋಡಿ ಕಾನ್ಸೆಪ್ಟ್ ನೋಟ್ ಕೇಳ್ತಾರ, 100-150 ಪದ. ಇದಕ್ಕ ಅಂಜತಾರ ಮಂದಿ, ಅಂಜಿ ಭಾಷಣ ಬರೀತಾರ. ‘ಹೆಣ್ಣು ಸಹನೆಯ ಪ್ರತಿರೂಪ, ಆಕೆ ತಾಯಿ, ಮಗಳು, ಸೊಸೆ, ಸಮಾಜದ ಕಣ್ಣು, ಆಕೆಯ ಮೌನ ವೇದನೆಯನ್ನು ನನ್ನ ಕುಂಚದ ಮೂಲಕ ಅಭಿವ್ಯಕ್ತಿಸಲು ಪ್ರಯತ್ನಿಸಿದ್ದೇನೆ.’ ಇದನ್ನ ಯಾವ ಚಿತ್ರದ ಕೆಳಗ ಹಚ್ಚಿದ್ರೂ ನಡೀತದ, ಅಂದ್ರ ಯಾವ ಚಿತ್ರಕ್ಕೂ ಇದು ಕೆಲಸಕ್ಕ ಬರಂಗಿಲ್ಲ. ಆ ಕೀಲಿ ಚಿತ್ರದ ಹುಡುಗಿ ಬರದದ್ದು ಹಿಂಗಿತ್ತು: ‘ನಮ್ಮ ತಾಂಡಾದಿಂದ ಕೆಲಸಕ್ಕೆ ಹೋಗುವವರು ಮನೆ ಕೀಲಿಕೈ ನಮ್ಮ ಅಜ್ಜಿಯ ಹತ್ತಿರ ಕೊಟ್ಟು ಹೋಗುತ್ತಾರೆ. ಅಜ್ಜಿಗೆ ಓದು ಬರಹ ಬರುವುದಿಲ್ಲ, ದಾರದ ಬಣ್ಣದ ಮೇಲೆ ಮನೆ ಗುರುತಿಸುತ್ತಾಳೆ. ಸೀರೆ ಆಕೆಯದೇ. ಕೀಲಿಗಳಲ್ಲಿ ಒಂದು ನಮ್ಮ ಮನೆಯದು.’ ಮುಗೀತು. ಏನು ಇಟ್ಟೀರಿ, ಎಲ್ಲಿಂದ ಬಂತು, ಯಾವ ಸಾಮಾನು ಬಳಸೀರಿ, ಇಷ್ಟು ಬರೀರಿ, ದುಃಖ ನೋಡೋರು ತಾವೇ ಹುಡಕ್ಕೋತಾರ.

ಇಂಗ್ಲಿಷಿನಾಗೇ ಬೇಕಂತ ಕೆಲವರು ಅಂತಾರ. ಮೊದಲ ಕನ್ನಡದಾಗ ಬರದು, ಆಮ್ಯಾಗ ಯಾರ ಕಡಿಂದಾದ್ರೂ ಇಂಗ್ಲಿಷ್ ಮಾಡಸ್ರಿ, ನೇರ ಇಂಗ್ಲಿಷಿನಾಗ ಕುಂತ್ರ ಮತ್ತ ಅದೇ ‘ಸೈಲೆಂಟ್ ಸಫರಿಂಗ್’ ಬರ್ತದ. ಗೋಡಿ ಮ್ಯಾಗಿನ ಚೀಟಿ ಮಾತ್ರ ಕನ್ನಡದಾಗ ದಪ್ಪ ಅಕ್ಷರದಾಗ ಇರ್ಲಿ, ನಮ್ಮ ಊರಾಗ ಉರ್ದು ಓದೋರೂ ಭಾಳ ಮಂದಿ ಅದಾರ, ಕೆಳಗ ಒಂದ್ ಸಾಲು ಉರ್ದು ಹಾಕಸಿದ್ರ ಆ ಮನಿ ಹೆಣ್ಮಕ್ಕಳೂ ನಿಂತು ಓದ್ತಾರ.

ಬಯೋಡೇಟಾ ನಾಕು ಸಾಲು ಸಾಕು. ಮೊದಲ ಶೋ ಇದ್ರ ಮೊದಲ ಶೋ ಅಂತನೇ ಬರೀರಿ.

ಚಿತ್ರದ ಫೋಟೋ ಬಗ್ಗೆ ಒಂದು ಮಾತು, ಯಾಕಂದ್ರ ಆಯ್ಕಿ ಮಾಡೋರು ನೋಡೋದು ಫೋಟೋನೇ. ಬೆಳಿಗ್ಗೆ ಹೊತ್ತಿನಾಗ ನೆರಳಿಗೆ, ಅಂಗಳದಾಗೋ ಮಾಳಗಿ ಮ್ಯಾಗೋ, ಚಿತ್ರ ಗೋಡಿಗೆ ನೇರ ನಿಲ್ಲಿಸಿ, ಮೊಬೈಲ್ ಚಿತ್ರದ ನಡುಮಟ್ಟಕ್ಕ ಹಿಡದು ತಗೀರಿ, ಫ್ಲಾಶ್ ಬ್ಯಾಡ, ಫಿಲ್ಟರ್ ಬ್ಯಾಡ. ಗ್ಲಾಸ್ ಹಾಕಸೋಕಿಂತ ಮೊದಲೇ ತಗೀರಿ, ಇಲ್ಲಂದ್ರ ಚಿತ್ರದಾಗ ನೀವೇ ಕಾಣತೀರಿ. ವಾಟ್ಸಾಪಿನಾಗ ಫೋಟೋ ಅಂತ ಕಳಸಿದ್ರ ಸಣ್ಣದಾಗ್ತದ, ಡಾಕ್ಯುಮೆಂಟ್ ಅಂತ ಕಳಸ್ರಿ ಇಲ್ಲಾ ಮೇಲ್ ಮಾಡ್ರಿ.

ಸೈಜು, ಫ್ರೇಮು, ರೇಟು

ಮೊದಲ ಸಲ ಆದ್ರ 18 ಇಂಚು 24 ಇಂಚಿಗಿಂತ ದೊಡ್ಡದು ಮಾಡಬ್ಯಾಡ್ರಿ, ಸ್ಕೂಟಿ ಮ್ಯಾಗ ಒಬ್ಬರು ಹಿಡಕೊಂಡು ಕೂಡೋ ಸೈಜ್ ಅದು. ಸಣ್ಣದಕ್ಕ ಸಣ್ಣತನ ಏನಿಲ್ಲ, ಯಾದಗಿರಿಯ ಸುರಪುರ ಚಿತ್ರಗಳು ಎಷ್ಟು ಸಣ್ಣಾಗಿ ಇರ್ತಾವ, ಮಂದಿ ಮೂಗು ಹಚ್ಚಿ ನೋಡ್ತಾರ. ಶಹಾಬಾದ್ ಫರ್ಶಿ ಮ್ಯಾಗ ಬರೀತೀನಿ ಅನ್ನೋರು ಅದಾರ, ಚಂದ ಕಾಣ್ತದ, ಮನಿ ನೆಲ, ಕಟ್ಟಿ ಎಲ್ಲಾ ಅದೇ ಕಲ್ಲು ಅಲ್ಲೇನು, ವಿಷಯಕ್ಕೂ ಹೊಂದ್ತದ. ಆದ್ರ ಅದನ್ನ ಗೋಡಿಗೆ ತೂಗಹಾಕೋ ಮಾತು ಮರ್ತುಬಿಡ್ರಿ, ನೆಲದ ಮ್ಯಾಗೋ ಗಟ್ಟಿ ಟೇಬಲ್ ಮ್ಯಾಗೋ ಇಡೋ ಜಾಗ ಮೊದಲೇ ಕೇಳಿ ಇಟಗೋರಿ.

ಕೌದಿ, ಕಸೂತಿ ಇದ್ರ ಮ್ಯಾಲಿನ ಅಂಚಿಗೆ ಹಿಂದಿನಿಂದ ಅರಿವಿ ಪಟ್ಟಿ ಹೊಲದು, ಕೊಳವಿ ಹಂಗ ಮಾಡಿ, ಒಳಗ ಕಟಗಿ ಕೋಲು ತೂರಸ್ರಿ, ಕೋಲಿಗೆ ದಾರ ಕಟ್ಟಿ ತೂಗಹಾಕಬೇಕು. ಪಿನ್ ಚುಚ್ಚಿ ಹಚ್ಚಿದ್ರ ಎರಡು ದಿನದಾಗ ಭಾರಕ್ಕ ಅರಿವಿ ಜಗ್ಗತದ. ಪೇಪರ್ ಮ್ಯಾಗಿನ ಕೆಲಸಕ್ಕ ಮೌಂಟ್, ಅಂದ್ರ ಸುತ್ತ ದಪ್ಪ ರಟ್ಟಿನ ಅಂಚು, ಹಾಕಿ ಫ್ರೇಮ್ ಮಾಡಸ್ರಿ, ಗ್ಲಾಸಿಗೂ ಪೇಪರಿಗೂ ಸಂದಿ ಇರಬೇಕು, ತಾಗಿದ್ರ ಧಗಿಗೆ ಅಂಟಗೊಂತದ. ಫ್ರೇಮಿನ ಹಿಂದ ಎರಡೂ ಕಡಿ ರಿಂಗ್ ಹೊಡದು ತಂತಿ ಕಟ್ಟಿಸಿ ತರ್ರಿ. ಎಣ್ಣಿ ಬಣ್ಣದ ಕೆಲಸ ಇದ್ರ ಕನಿಷ್ಠ ಒಂದ್ ತಿಂಗಳು ಮೊದಲೇ ಮುಗಸ್ರಿ, ಹಸಿ ಇದ್ದಾಗ ಪ್ಯಾಕ್ ಮಾಡಿದ್ರ ಮುಗೀತು ಕತಿ.

ಚಿತ್ರದ ಹಿಂದ ನಿಮ್ಮ ಪೂರ್ತಿ ಹೆಸರು, ಚಿತ್ರದ ಹೆಸರು, ಮಾಧ್ಯಮ, ಸೈಜ್, ವರ್ಷ, ಯಾವ ಕಡಿ ಮ್ಯಾಲ ಬರಬೇಕಂತ ಬಾಣದ ಗುರ್ತು. ಬರೇ ‘ಎಸ್’ ಅಂತ ಒಂದಕ್ಷರ ಹಾಕಿ ಬಿಡಬ್ಯಾಡ್ರಿ. ಸನ್ನತಿ ಹತ್ರ ಕನಗನಹಳ್ಳಿಯಾಗ ಅಶೋಕನ ಶಿಲ್ಪ ಅದಲ್ಲ, ರಾಜಾನ ಹೆಸರು ಬ್ರಾಹ್ಮಿ ಅಕ್ಷರದಾಗ ಕೊರದಾರ, ಮಗ್ಗಲ ನಿಂತ ರಾಣಿ ಹೆಸರು ಯಾರಿಗೂ ಗೊತ್ತಿಲ್ಲ. ನಿಮ್ಮ ಹೆಸರು ನೀವೇ ಬರೀರಿ ಅಂತ ಅದಕ್ಕ ಹೇಳೋದು.

ರೇಟು ಹಾಕೋವಾಗ ಹೆಣ್ಮಕ್ಕಳ ಕೈ ಯಾಕೋ ನಡಗತದ, ‘500 ಇಡ್ಲೇನ್ ಅಕ್ಕಾ’ ಅಂತಾರ, ಫ್ರೇಮಿಗೇ 1200 ಕೊಟ್ಟಿರ್ತಾರ! ಒಂದು ಸೀದಾ ಲೆಕ್ಕ ಹೇಳ್ತೀನಿ. ಚದರ ಇಂಚಿಗೆ ಇಷ್ಟು ಅಂತ ಹಿಡೀರಿ, ಹೊಸಬರು 15 ರೂಪಾಯಿ ಅಂತ ಹಿಡದ್ರ 18 ಇಂಟು 24 ಅಂದ್ರ 432 ಚದರ ಇಂಚು, 6480 ರೂಪಾಯಿ. ಫ್ರೇಮ್ 1200 ಕೂಡಸಿದ್ರ 7680. ಆಯೋಜಕರು 25 ಪರ್ಸೆಂಟ್ ಕಮಿಷನ್ ತಗೋತಾರಂದ್ರ ಚೀಟಿ ಮ್ಯಾಗ 7680 ಬರದ್ರ ನಿಮ್ಮ ಕೈಗೆ ಬರೋದು 5760 ಅಷ್ಟೇ. 7680 ಕೈಗೆ ಬರಬೇಕಂದ್ರ ಅದನ್ನ 0.75ರಿಂದ ಭಾಗಿಸಬೇಕು, 10,240 ಆಗ್ತದ, ಅಷ್ಟು ಬರೀರಿ. ಇಷ್ಟು ಜಾಸ್ತಿ ಅನಿಸಿದ್ರ ಕಮಿಷನ್ ಬಗ್ಗೆ ಮಾತಾಡ್ರಿ, ನಿಮ್ಮ ಕೂಲಿ ಕಡಿಮಿ ಮಾಡಬ್ಯಾಡ್ರಿ. ಮಾರೋದು ಬ್ಯಾಡಂದ್ರ ‘ಮಾರಾಟಕ್ಕಿಲ್ಲ’ ಅಂತ ಬರದ್ರ ಆತು, ಅಜ್ಜಿ ಸೀರಿ ಹಚ್ಚಿದ ಚಿತ್ರ ಯಾರು ಮಾರ್ತಾರ.

ಒಯ್ಯೋದು, ತೂಗಹಾಕೋದು

ಮಾರ್ಚ್ ಮುಗೀತಂದ್ರ ನಮ್ಮ ಬಿಸಲು ನಿಮಗ ಹೇಳಬೇಕಿಲ್ಲ. ಅಕ್ರಿಲಿಕ್ ಬಣ್ಣ ಧಗಿಗೆ ಮೆತ್ತಗಾಗ್ತದ, ಎರಡು ಕ್ಯಾನ್ವಾಸ್ ಮುಖಕ್ಕ ಮುಖ ಹಚ್ಚಿ ಬಿಸಲಾಗ ಕಾರಿನಾಗ ಬಿಟ್ರ ಅಂಟಗೊಂಡು ಬಿಡಸೋವಾಗ ಬಣ್ಣ ಕಿತ್ತು ಬರ್ತದ. ನಡುವ ಬಟರ್ ಪೇಪರ್ ಇಡ್ರಿ, ಮ್ಯಾಲ ಬಬಲ್ ರ್‍ಯಾಪ್ ಸುತ್ರಿ, ಆದ್ರ ಬಬಲ್ ಬಣ್ಣಕ್ಕ ನೇರ ತಾಗಬಾರದು, ಗುಳ್ಳಿ ಗುಳ್ಳಿ ಅಚ್ಚು ಬೀಳ್ತದ. ಮೂಲಿಗಳಿಗೆ ರಟ್ಟು ಮಡಚಿ ಹಚ್ರಿ. ಗ್ಲಾಸ್ ಇದ್ರ ಅದರ ಮ್ಯಾಗ ಟೇಪ್ ಅಡ್ಡ ತಿಡ್ಡ ಹಚ್ರಿ, ಒಡದ್ರೂ ಚೂರು ಚಿತ್ರದ ಮ್ಯಾಗ ಬೀಳಂಗಿಲ್ಲ. ಬೀದರಿನಿಂದ ಬಿದ್ರಿ ಕೆಲಸ ತರೋರು ಮೆತ್ತನ ಅರಿವ್ಯಾಗ ಸುತ್ತಿ ತರ್ರಿ, ಬೆವತ ಕೈಲೆ ಮುಟ್ಟಿದ್ರ ಆ ಕಪ್ಪಿನ ಮ್ಯಾಗ ಬೆರಳಿನ ಗುರ್ತು ಎದ್ದು ಕಾಣ್ತದ.

ಬಸ್ಸಿನಾಗ ತರೋರಿಗೆ, ಶಕ್ತಿ ಯೋಜನೆದಾಗ ಸಾದಾ ಬಸ್ಸಿಗೆ ನಿಮಗ ಟಿಕೆಟ್ ರೊಕ್ಕ ಇಲ್ಲ, ಆದ್ರ ದೊಡ್ಡ ಕ್ಯಾನ್ವಾಸ್ ನೋಡಿ ಕಂಡಕ್ಟರ್ ಲಗೇಜ್ ಕೇಳಬಹುದು, ಚಿಲ್ಲರ ಇಟಗೋರಿ, ಜಗಳ ಬ್ಯಾಡ. ಮುಂಜಾನೆ ಮೊದಲ ಬಸ್ಸಿಗೆ ಬರ್ರಿ, ಗದ್ದಲ ಕಡಿಮಿ, ಬಿಸಲೂ ಕಡಿಮಿ.

ಹಾಲ್ ನೀವೇ ಬುಕ್ ಮಾಡಬೇಕಾದ ಗುಂಪಿನಾಗ ಇದ್ರ ಒಂದು ನೆನಪಿರ್ಲಿ, ಏಪ್ರಿಲ್ ಮೇ ತಿಂಗಳಾಗ ನಮ್ಮ ವಿಭಾಗದ ಸರ್ಕಾರಿ ಆಫೀಸು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರ ತನಕ ಅಷ್ಟೇ, ಊಟ ಮಾಡಿ ಪರ್ಮಿಷನ್ ಕೇಳ್ಲಾಕ ಹೋದ್ರ ಕೀಲಿ ಹಾಕಿರ್ತದ. ರಂಗಮಂದಿರ, ಭವನ ಯಾವುದೇ ಇರ್ಲಿ, ದುಡ್ಡು ಕಟ್ಟೋಕಿಂತ ಮೊದಲ ಒಳಗ ಹೋಗಿ ನೋಡಿ ಬರ್ರಿ. ನೋಡೋದು ಏನಂದ್ರ: ಗೋಡಿಗೆ ಮೊಳಿ ಹೊಡೀಲಾಕ ಬಿಡ್ತಾರೇನು, ಕರೆಂಟ್ ಹೋದ್ರ ಏನು, ಮತ್ತ ಹೆಣ್ಮಕ್ಕಳ ಟಾಯ್ಲೆಟ್ಟಿಗೆ ನೀರು, ಚಿಲಕ ಎರಡೂ ಅದಾವೇನು. ಇಡೀ ದಿನ ಅಲ್ಲೇ ಕೂಡೋರು ನೀವೇ.

ಮೊಳಿ ಬಿಡಂಗಿಲ್ಲಂದ್ರ ಶಾಮಿಯಾನದವರ ಕಡಿಂದ ಬೋರ್ಡ್ ಸ್ಟ್ಯಾಂಡ್ ತರಸಬೇಕಾಗ್ತದ. ಅದಕ್ಕ ಅವರು ಹೊಳಿಯೋ ಗುಲಾಬಿ ಸ್ಯಾಟಿನ್ ಅರಿವಿ ಸುತ್ತಿ ಕಳಸ್ತಾರ, ಮದುವಿ ಮಂಟಪ ಆಗ್ತದ, ಮೊದಲೇ ಹೇಳಿ ಬಿಳಿ ಕಾಟನ್ ಕೇಳ್ರಿ. ಎರಡು ಕಡಿ ಅಂಟೋ ಟೇಪ್ ಮ್ಯಾಗ ಭರೋಸಾ ಬ್ಯಾಡ, ಧಗಿಗೆ ಬಿಡ್ತದ. ನೈಲಾನ್ ದಾರ, ಕೊಕ್ಕಿ ಬಳಸ್ರಿ. ಎತ್ತರ ಎಷ್ಟಂದ್ರ ಚಿತ್ರದ ನಡುಭಾಗ ನೆಲದಿಂದ 57 ಇಂಚು, ಅಂದ್ರ 4 ಅಡಿ 9 ಇಂಚಿಗೆ ಬರಬೇಕು, ಚಿತ್ರ ದೊಡ್ಡದಿರ್ಲಿ ಸಣ್ಣದಿರ್ಲಿ ಎಲ್ಲಾದರ ನಡು ಒಂದೇ ಗೆರಿ ಮ್ಯಾಗ. ನಮ್ಮ ಕಡಿ ಗಣಪತಿ ಫೋಟೋ ಹಂಗ ಮ್ಯಾಗ ಏರಿಸಿಬಿಡ್ತಾರ, ಕುತಿಗಿ ನೋಯ್ತದ ನೋಡೋರಿಗೆ. ಹಾಲಿನಾಗ ದೊಡ್ಡ ಕೂಲರ್ ಹಚ್ಚತಾರಲ್ಲ, ಅದರ ಗಾಳಿ ಬಡಿಯೋ ಕಡಿ ಪೇಪರಿನ ಕೆಲಸ ಹಾಕಬ್ಯಾಡ್ರಿ, ಹಸಿಗಾಳಿಗೆ ಸಂಜಿ ಅನ್ನೋದ್ರಾಗ ಪೇಪರ್ ಹಪ್ಪಳ ಆಗಿರ್ತದ. ಅಲ್ಲಿ ಕ್ಯಾನ್ವಾಸ್, ಕಲ್ಲು, ಲೋಹ ಇರ್ಲಿ.

ಯಾರ ಚಿತ್ರ ಬಾಗಲ ಮುಂದ, ಯಾರದು ಮೂಲ್ಯಾಗ ಅನ್ನೋದಕ್ಕ ಜಗಳ ಆಗೇ ಆಗ್ತದ. ಒಬ್ಬರ ಕೈಗೆ ಬಿಟ್ಟು ಉಳದೋರು ಚಾ ಕುಡೀಲಾಕ ಹೋಗೋದು ಛಲೋ, ಆ ಒಬ್ಬರು ಚಿತ್ರ ಇಟ್ಟೋರು ಆಗಿರಬಾರದು.

ಉದ್ಘಾಟನೆ ಬಗ್ಗೆ ನನ್ನ ಸಿಟ್ಟು ಹೇಳಿಬಿಡ್ತೀನಿ. 11 ಗಂಟೆ ಅಂತ ಕಾರ್ಡಿನಾಗ ಇರ್ತದ, ಅತಿಥಿ ಬರೋದು 12:30ಕ್ಕ, ವೇದಿಕಿ ಮ್ಯಾಗ ಎಂಟು ಮಂದಿ, ಒಬ್ಬೊಬ್ಬರಿಗೆ ಶಾಲು ಹಾರ, ಹೆಣ್ಣಿನ ಮಹತ್ವದ ಬಗ್ಗೆ ಗಂಡಸರ ಭಾಷಣ, ಚಿತ್ರ ಮಾಡಿದ ಹೆಣ್ಮಕ್ಕಳು ಹಿಂದ ನಿಂತು ಹಾರದ ತಟ್ಟಿ ಹಿಡಕೊಂಡಿರ್ತಾರ. ಗುಂಪಿನಾಗ ನಿಮ್ಮ ಮಾತು ನಡೀತದಂದ್ರ ಆ ಹಾರ ಶಾಲಿನ ರೊಕ್ಕಕ್ಕ ನಾಕು ಸ್ಪಾಟ್‌ಲೈಟ್ ತರಸ್ರಿ, ಚಿತ್ರ ಮಾಡಿದೋರು ಒಬ್ಬೊಬ್ಬರು ತಮ್ಮ ಚಿತ್ರದ ಮುಂದ ನಿಂತು ಎರಡೆರಡು ನಿಮಿಷ ಮಾತಾಡ್ಲಿ.

ಹಾಲಿನಾಗ ಕೂಡೋ ಪಾಳಿ ಮೊದಲೇ ಬರದಿಡ್ರಿ, ಒಂದ್ ಸಲಕ್ಕ ಇಬ್ಬರು ಇರಬೇಕು. ಸಂಜಿ ಪಾಳಿ ಹತ್ರದ ಮನಿಯೋರಿಗೆ, ಬೀದರ್ ಯಾದಗಿರಿಗೆ ವಾಪಸ್ ಹೋಗೋರಿಗೆ ಮುಂಜಾನೆದು. ಕೂತಾಗ ಒಂದು ಪ್ರಶ್ನೆ ಬಂದೇ ಬರ್ತದ, ‘ಹೆಣ್ಮಕ್ಕಳದು ಅಂತ ಬ್ಯಾರೆ ಶೋ ಯಾಕ್ರಿ, ಕಲಾದಾಗ ಗಂಡು ಹೆಣ್ಣು ಅದೇನು?’ ನಾ ಹೇಳೋದು, 1989ರಾಗ ನ್ಯೂಯಾರ್ಕಿನ ಗೆರಿಲ್ಲಾ ಗರ್ಲ್ಸ್ ಅನ್ನೋ ಕಲಾವಿದೆಯರ ಗುಂಪು ಅಲ್ಲಿನ ಮೆಟ್ (ಮೆಟ್ರೊಪಾಲಿಟನ್) ಮ್ಯೂಸಿಯಮ್ಮಿನಾಗ ಎಣಿಸಿ ನೋಡಿತ್ತು, ಆಧುನಿಕ ಕಲಾ ವಿಭಾಗದಾಗ ಕಲಾವಿದೆಯರು 5 ಪರ್ಸೆಂಟಿಗಿಂತ ಕಡಿಮಿ, ಬೆತ್ತಲೆ ಚಿತ್ರಗಳಾಗ 85 ಪರ್ಸೆಂಟ್ ಹೆಂಗಸರು. ನೀವೂ ಯಾವುದಾರ ಶೋಕ್ಕ ಹೋದಾಗ ಹೆಸರು ಎಣಸ್ರಿ ಅಂದು ಚಾ ಕೊಟ್ಟು ಕಳಸ್ತೀನಿ.

ರೀಲ್ಸ್ ಮಾಡೋರು ಬರ್ತಾರ, ಬರ್ಲಿ, ಆದ್ರ ಕಲಾವಿದೆ ಹೆಸರು ಹಾಕ್ರಿ ಅಂತ ಒಂದು ಬೋರ್ಡ್ ಇಡ್ರಿ, ಮುಖ ಇರೋ ಸೂಕ್ಷ್ಮ ಚಿತ್ರದ ಹತ್ರ ‘ಫೋಟೋ ಬ್ಯಾಡ’ ಅಂತ ಇನ್ನೊಂದು. ಮತ್ತ ಚಿತ್ರ ಮಾರಿದ್ರೂ ಅದರ ಕಾಪಿರೈಟ್ ನಿಮ್ಮ ಕಡಿನೇ ಉಳೀತದ, ನೀವು ಬರದುಕೊಟ್ರ ಅಷ್ಟೇ ಹೋಗ್ತದ, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕಲಾವಿದರು ಇರೋ ತನಕ, ಆಮ್ಯಾಗ 60 ವರ್ಷ. ಚಿತ್ರ ತಗೊಂಡೋರು ಮನ್ಯಾಗ ತೂಗಹಾಕಬಹುದು, ಕ್ಯಾಲೆಂಡರ್ ಹಾಕಸ್ತೀನಿ, ಚಾ ಕಪ್ಪಿನ ಮ್ಯಾಗ ಪ್ರಿಂಟ್ ಮಾಡಸ್ತೀನಿ ಅಂದ್ರ ನಿಮಗ ಕೇಳಬೇಕು. ದುಡ್ಡು ಕೊಟ್ಟು ‘ನನ್ನ ಮುಖ ಬರದುಕೊಡು’ ಅಂತ ಹೇಳಿ ಮಾಡಿಸಿದ್ದಕ್ಕ ಮಾತ್ರ ಲೆಕ್ಕ ಬ್ಯಾರೆ, ಅದಕ್ಕ ಮೊದಲೇ ಕಾಗದ ಮಾಡಕೋಬೇಕು. ಎಂಟ್ರಿ ಫಾರ್ಮಿನ ಕೊನಿಗೆ ಸಣ್ಣ ಅಕ್ಷರದಾಗ ‘ಎಲ್ಲಾ ಹಕ್ಕು ಆಯೋಜಕರಿಗೆ’ ಅಂತ ಇದ್ರ ಅದನ್ನ ಹೊಡದು ಹಾಕಿ, ‘ಪ್ರದರ್ಶನದ ಪ್ರಚಾರಕ್ಕೆ ಮಾತ್ರ’ ಅಂತ ಬರದು ಸಹಿ ಮಾಡ್ರಿ.

ಕೊನೀ ದಿನ ನೀವೇ ಹೋಗ್ರಿ, ಆಗಂಗಿಲ್ಲಂದ್ರ ನಂಬಿಕಸ್ತರನ್ನ ಚೀಟಿ ಕೊಟ್ಟು ಕಳಸ್ರಿ. ‘ಇರ್ಲಿ ಮೇಡಂ, ನಾವೇ ಕಳಸ್ತೀವಿ’ ಅಂತ ಬಿಟ್ಟ ಚಿತ್ರ ಯಾವುದೋ ಸ್ಟೋರ್ ರೂಮಿನಾಗ ಮುಂದಿನ ವರ್ಷದ ತನಕ ಧೂಳು ತಿಂತಿರ್ತದ. ಕೊಡೋವಾಗ ಒಂದು ಫೋಟೋ, ತಗೊಳೋವಾಗ ಒಂದು ಫೋಟೋ, ಮೂಲಿ ನಾಕೂ ಕಾಣೋ ಹಂಗ ತಗೀರಿ, ಅಲ್ಲೇ ನೋಡಿ ರಿಜಿಸ್ಟರಿಗೆ ಸಹಿ ಹಾಕ್ರಿ. ಮಾರಾಟ ಆಗಿದ್ರ ದುಡ್ಡು ಎಂದು ಬರ್ತದಂತ ತಾರೀಖು ಬರಸಕೋರಿ, ತಗೊಂಡೋರ ಫೋನ್ ನಂಬರನೂ ಇಸಕೋರಿ, ಮುಂದ ಯಾವುದಾರ ಶೋಕ್ಕ ಆ ಚಿತ್ರ ಒಂದ್ ವಾರ ವಾಪಸ್ ಕೇಳಬೇಕಾದ್ರ ಬೇಕಾಗ್ತದ. ಕ್ಯಾಟಲಾಗ್ ಪಿಡಿಎಫ್, ಪೇಪರ್ ಕಟಿಂಗ್, ಆಯ್ಕಿ ಆದ ಮೆಸೇಜು ಇವಿಷ್ಟು ಒಂದು ಫೋಲ್ಡರಿನಾಗ ಹಾಕಿಡ್ರಿ, ಮುಂದಿನ ಫಾರ್ಮಿನಾಗ ‘ಹಿಂದಿನ ಪ್ರದರ್ಶನಗಳು’ ಅನ್ನೋ ಖಾನೆದಾಗ ಊರು, ವರ್ಷ, ಶೋ ಹೆಸರು ಬರೀಲಾಕ ಅದನ್ನೇ ತಗೀಬೇಕಾಗ್ತದ.